ಹಳೆಯ ಕಾರಿನ ಮುಂದೀಪ: ಗದಗ ಸೀಮೆಯ ರಾತ್ರಿ ದಾರಿಯಲ್ಲಿ ಕಲಿತ ಪಾಠ

ನಮ್ಮ ಮಲೆನಾಡಿನ ತೋಟಗಳಿಗೂ ಗದಗ ಸೀಮೆಗೂ ಇರುವ ನಂಟು ಗೊಬ್ಬರದ ನಂಟು. ಸೊಪ್ಪು, ದರಕು, ಕೊಟ್ಟಿಗೆ ಗೊಬ್ಬರ ಸಾಲದೆ ಬಂದಾಗ ಕುರಿಗೊಬ್ಬರಕ್ಕೂ ಶೇಂಗಾ ಹಿಂಡಿಗೂ ನಾವು ಮೂಡಲಿಗೆ ಮುಖ ಮಾಡುತ್ತೇವೆ. ಶಿರಸಿಯಿಂದ ಮುಂಡಗೋಡ, ಬಂಕಾಪುರ, ಸವಣೂರಿನ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿಂದ ಶಿರಹಟ್ಟಿ, ಮುಂಡರಗಿ, ಗದಗ–ಬೆಟಗೇರಿಗಳನ್ನು ಸುತ್ತಿ, ಹಟ್ಟಿಗಳಲ್ಲಿ ಗೊಬ್ಬರ ನೋಡಿ, ದರ ಮಾತಾಡಿ, ಲಾರಿ ಗೊತ್ತು ಮಾಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮನೆಯಲ್ಲಿ ಅಡಿಕೆ ಬೇಯಿಸುವ ಕೆಲಸವೋ ಕಾಫಿ ಒಣಗಿಸುವ ಕೆಲಸವೋ ಕಾದಿರುವುದರಿಂದ ಉಳಿಯುವಂತಿಲ್ಲ. ಹೀಗಾಗಿ ಹಿಂದಿರುಗುವ ದಾರಿಯ ಮುಕ್ಕಾಲು ಪಾಲು ರಾತ್ರಿಯ ಪ್ರಯಾಣವೇ ಆಗುತ್ತದೆ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂದಿಗೂ ಹಳೆಯ ಗಾಡಿಗಳೇ ಓಡುತ್ತಿವೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800 ಸಹ ಅದೇ ವರ್ಷ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತದ್ದು. ಆದರೂ ತೋಟದ ಕಚ್ಚಾ ರಸ್ತೆಗೆ, ಎರಡು ಮೂಟೆ ಹೇರಿಕೊಂಡು ಬರುವ ಕೆಲಸಕ್ಕೆ ಈ ಗಾಡಿಗಳೇ ಒಗ್ಗುತ್ತವೆ. ಎಂಜಿನ್ನನ್ನು ಕಾಲಕಾಲಕ್ಕೆ ಬಿಚ್ಚಿ ನೋಡುವ ನಾವು ಮುಂದೀಪದ ಕಡೆಗೆ ಮಾತ್ರ ಲಕ್ಷ್ಯ ಕೊಡುವುದಿಲ್ಲ. ಉರಿಯುತ್ತಿದೆಯಲ್ಲ, ಅಷ್ಟು ಸಾಕು ಎಂದು ಸುಮ್ಮನಿರುತ್ತೇವೆ. ಈ ಉದಾಸೀನಕ್ಕೆ ನಾವು ತೆತ್ತ ಬೆಲೆ, ಆಮೇಲೆ ಮಾಡಿಕೊಂಡ ಸುಧಾರಣೆ, ಇವೆರಡನ್ನೂ ಸದಸ್ಯ ಬಾಂಧವರ ಮುಂದೆ ಇಡುವುದೇ ಈ ಬರಹದ ಉದ್ದೇಶ.

ಮೊದಲನೆಯ ಸಲ: ಹುರಳಿ ಕಣದ ಕಲ್ಲು

ಎರಡು ವರ್ಷಗಳ ಹಿಂದಿನ ಜನವರಿಯ ಮಾತು. ನಾವು ನಾಲ್ವರು ಸದಸ್ಯರು ಒಬ್ಬರ ಹಳೆಯ ಅಂಬಾಸಡರಿನಲ್ಲಿ ಮುಂಡರಗಿಗೆ ಹೋಗಿ, ಸಂಜೆ ಡಂಬಳದ ಮೇಲೆ ಗದಗಿನ ಕಡೆಗೆ ಹೊರಟಿದ್ದೆವು. ಎಡಕ್ಕೆ ಕಪ್ಪತಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು, ಸುತ್ತ ಎರೆಭೂಮಿ.

ಮಲೆನಾಡಿನವರು ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ನಮ್ಮ ಊರಿನ ರಸ್ತೆಗೆ ಎರಡೂ ಬದಿಯಲ್ಲಿ ಧರೆ, ಮರ, ಬೇಲಿ ಇರುತ್ತವೆ. ದೀಪದ ಬೆಳಕು ಅವುಗಳ ಮೇಲೆ ಬಿದ್ದು ರಸ್ತೆಯ ತಿರುವು ತಾನಾಗಿ ಕಾಣುತ್ತದೆ. ಬಯಲಿನಲ್ಲಿ ಬೆಳಕನ್ನು ಹಿಂದಕ್ಕೆ ಕೊಡುವಂಥದು ಏನೂ ಇಲ್ಲ. ಡಾಂಬರು ಕಪ್ಪು, ಅದರ ಅಂಚಿನ ಮಣ್ಣೂ ಕಪ್ಪು. ನಮ್ಮ ಊರಿನಲ್ಲಿ ಸಾಕೆನಿಸಿದ ದೀಪ ಅಲ್ಲಿ ಕುರುಡಾಗುತ್ತದೆ.

ಸುಗ್ಗಿಯ ಕಾಲದಲ್ಲಿ ಆ ಭಾಗದ ರೈತರು ಹುರಳಿ, ಸಜ್ಜೆ ಮೊದಲಾದ ಬೆಳೆಗಳನ್ನು ರಸ್ತೆಯ ಮೇಲೆ ಹರಡುವುದುಂಟು. ಓಡಾಡುವ ವಾಹನಗಳೇ ಅದನ್ನು ತುಳಿದು ಒಕ್ಕಣೆ ಮಾಡುತ್ತವೆ. ಹರಡಿದ ಬೆಳೆಯ ಅಂಚಿಗೆ ತಲೆಗಾತ್ರದ ಕಲ್ಲು ಇಡುತ್ತಾರೆ. ಸಂಜೆ ರಾಶಿ ಎತ್ತಿದ ಮೇಲೂ ಒಂದೆರಡು ಕಲ್ಲು ಅಲ್ಲಿಯೇ ಉಳಿಯುತ್ತವೆ. ಅಂಥ ಒಂದು ಕಲ್ಲು ನಮಗೆ ಕಂಡದ್ದು ಹತ್ತು ಹನ್ನೆರಡು ಮಾರು ದೂರದಲ್ಲಿ. ಗಾಡಿ ಓಡಿಸುತ್ತಿದ್ದವರು ಬಲಕ್ಕೆ ಎಳೆದರೂ ಎಡಗಾಲಿ ಕಲ್ಲಿಗೆ ಬಡಿಯಿತು. ರಿಮ್ಮು ಡೊಂಕಾಯಿತು, ಟೈರು ಒಡೆಯಿತು. ಆ ಗಳಿಗೆಯಲ್ಲಿ ಎದುರಿನಿಂದ ವಾಹನ ಬರುತ್ತಿರಲಿಲ್ಲವೆಂದು ನಾವು ಉಳಿದೆವು. ಆ ಕಲ್ಲಿನ ಜಾಗದಲ್ಲಿ ಒಬ್ಬ ಮನುಷ್ಯ ಮಲಗಿದ್ದರೆ? ಈ ಪ್ರಶ್ನೆ ಊರು ಮುಟ್ಟುವ ತನಕ ನಮ್ಮನ್ನು ಬಿಡಲಿಲ್ಲ.

ಎರಡನೆಯ ಸಲ: ಹೆಚ್ಚು ಬೆಳಕು, ಹೆಚ್ಚು ಕೇಡು

ಊರಿಗೆ ಬಂದವರೇ ನಾವು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ದೀಪ ಮಂಕೆಂದರೆ ದೊಡ್ಡ ಬಲ್ಬು ಹಾಕಬೇಕೆಂದು ತಿಳಿದು ಒಂದು ಅಂಗಡಿಯಿಂದ 100/90 ವ್ಯಾಟಿನ ಬಲ್ಬುಗಳನ್ನು ತಂದು ಹಾಕಿಸಿದೆವು. ಮೊದಲ ದಿನ ಸಂತೋಷವಾಯಿತು. ಅಂಗಳದಲ್ಲಿ ನಿಲ್ಲಿಸಿ ದೀಪ ಹಾಕಿದರೆ ತೋಟದ ಕೊನೆಯ ಮರದ ಗೊನೆ ಕಂಡಿತು. ಮುಂದೀಪಕ್ಕೆ ಮರದ ಗೊನೆ ಕಾಣುವುದು ಒಳ್ಳೆಯ ಲಕ್ಷಣವಲ್ಲವೆಂಬುದು ನಮಗೆ ಆಗ ಹೊಳೆಯಲಿಲ್ಲ.

ಮಾರ್ಚಿಯಲ್ಲಿ ಮತ್ತೆ ಹೋದೆವು. ಬರುವಾಗ ಬೆಟಗೇರಿಯಲ್ಲಿ ಶೇಂಗಾ ಹಿಂಡಿಯ ನಾಲ್ಕು ಮೂಟೆಗಳನ್ನು ಹಿಂದಿನ ಡಿಕ್ಕಿಗೆ ಹೇರಿಕೊಂಡು ಲಕ್ಷ್ಮೇಶ್ವರದ ದಾರಿ ಹಿಡಿದೆವು. ರಾತ್ರಿ ಎಂಟೂವರೆಯ ಸುಮಾರಿಗೆ ಎದುರಿನಿಂದ ಒಂದು ಚಕ್ಕಡಿ ಬಂತು. ನಾವು ದೂರದಿಂದಲೇ ನೋಡಿ ದೀಪವನ್ನು ತಗ್ಗಿಸಿದೆವು, ವೇಗವನ್ನೂ ಇಳಿಸಿದೆವು. ಆದರೂ ಎತ್ತುಗಳು ಬೆದರಿ ಬದಿಗೆ ಜಗ್ಗಿದವು. ಚಕ್ಕಡಿ ಹಳ್ಳದ ಕಡೆಗೆ ವಾಲಿ ಒಂದು ಗಾಲಿ ಕೆಳಗಿಳಿಯಿತು. ಹೊಡೆಯುತ್ತಿದ್ದ ಹಿರಿಯರು ನೊಗದ ಮೇಲೆ ಮುಗ್ಗರಿಸಿ ಬಿದ್ದರು. ಅವರ ಕಾಲಿಗೆ ಪೆಟ್ಟಾಯಿತು.

ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಲಕ್ಷ್ಮೇಶ್ವರದ ವೈದ್ಯರಲ್ಲಿಗೆ ಒಯ್ದೆವು. ಎಲುಬು ಮುರಿದಿರಲಿಲ್ಲ. ನೊಗದ ದುರಸ್ತಿಗೆ, ಔಷಧಿಗೆ ನಾವೇ ಹಣ ಕೊಟ್ಟೆವು. ಹಣ ತೆಗೆದುಕೊಳ್ಳುವಾಗ ಅವರು ಬೈಯಲಿಲ್ಲ. ಇಷ್ಟೇ ಹೇಳಿದರು: “ನೀವು ನನ್ನ ನೋಡಿದ್ರಿ ಖರೆ. ನಾ ನಿಮ್ಮ ದೀಪ ಅಷ್ಟ ನೋಡಿದೆ, ಮುಂದ ರಸ್ತೆನ ಇಲ್ಲದಂಗಾತು.”

ದೀಪ ತಗ್ಗಿಸಿದ್ದರೂ ಹೀಗಾದದ್ದು ಹೇಗೆ? ಆ ರಾತ್ರಿ ನಮಗೆ ತಿಳಿಯಲಿಲ್ಲ. ತಿಳಿಸಿದವರು ಲಕ್ಷ್ಮೇಶ್ವರದ ಒಬ್ಬ ಹಿರಿಯ ಮೋಟಾರು ವಿದ್ಯುತ್ ಕೆಲಸಗಾರರು. ಮರುದಿನ ಬೆಳಿಗ್ಗೆ ಅವರ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಅವರು ಬಲ್ಬನ್ನು ನೋಡಲೇ ಇಲ್ಲ. ಮೊದಲು ಹಿಂದಿನ ಡಿಕ್ಕಿ ತೆರೆಸಿ ಮೂಟೆ ಎಣಿಸಿದರು. ಆಮೇಲೆ ಮೀಟರು ತೆಗೆದರು.

ದೀಪ ಮಂಕಾಗುವುದೇಕೆ?

ಅವರು ಎಂಜಿನ್ ಚಾಲೂ ಇಟ್ಟು, ನಮ್ಮ ಹಿಂದಿನ ಬಲ್ಬುಗಳನ್ನೇ ಹಾಕಿ ಅಳೆದು ತೋರಿಸಿದರು. ಬ್ಯಾಟರಿಯ ತುದಿಗಳಲ್ಲಿ 13.6 ವೋಲ್ಟ್ ಇತ್ತು. ಅದೇ ಮೀಟರಿನ ಕಡ್ಡಿಗಳನ್ನು ಬಲ್ಬಿನ ಹಿಂದಿನ ಹೋಲ್ಡರಿಗೆ ಹಿಡಿದರೆ 11.2 ವೋಲ್ಟ್ ಮಾತ್ರ. ನಡುವಿನ 2.4 ವೋಲ್ಟ್ ದಾರಿಯಲ್ಲಿ ಸೋರಿಹೋಗಿತ್ತು.

ಇದು ಸಣ್ಣ ನಷ್ಟವೆಂದು ತೋರಬಹುದು. ಆದರೆ ತಂತಿಯುರಿಯ ಬಲ್ಬಿನ ಗುಣ ಬೇರೆ. ವೋಲ್ಟು ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ನೂರಕ್ಕೆ 10 ಪಾಲು ವೋಲ್ಟು ಕಡಿಮೆಯಾದರೆ ಬೆಳಕು ನೂರಕ್ಕೆ 30 ಪಾಲು ಕುಗ್ಗುತ್ತದೆ. ನಮ್ಮ ಕಾರಿನಂತೆ 18 ಪಾಲು ಕಡಿಮೆಯಾದರೆ ಉಳಿಯುವುದು ಹೆಚ್ಚು ಕಡಿಮೆ ಅರ್ಧ ಬೆಳಕು. ಬೆಳಕು ಕೆಂಪಗೆ, ಹಳದಿಯಾಗಿ ಕಾಣುವುದು ಇದರ ಗುರುತು. ಕಾಲುವೆಯ ತಲೆಯಲ್ಲಿ ನೀರು ತುಂಬಿದ್ದು, ಬುಡದ ತೋಟಕ್ಕೆ ಅರ್ಧವೂ ಮುಟ್ಟದಂತೆ ಇದು.

ಸೋರಿಕೆಯ ಸ್ಥಳಗಳು ಯಾವುವು? ಹಳೆಯ ಗಾಡಿಗಳಲ್ಲಿ ದೀಪಕ್ಕೆ ಬೇಕಾದ ವಿದ್ಯುತ್ತೆಲ್ಲ ಬ್ಯಾಟರಿಯಿಂದ ಹೊರಟು, ಚಾಲಕನ ಮುಂದಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ದೀಪ ಏರಿಳಿಸುವ ಸ್ವಿಚ್ಚಿನ ಮೂಲಕ ಹಾದು, ಮತ್ತೆ ಮುಂದಕ್ಕೆ ಹೋಗಬೇಕು. ತಂತಿ ಸಣ್ಣದು, ದಾರಿ ಉದ್ದ. ಸ್ವಿಚ್ಚಿನ ಒಳಗಿನ ತಾಮ್ರ ಸುಟ್ಟು ಕಪ್ಪಾಗಿರುತ್ತದೆ. ಹಿಂದಿರುಗುವ ದಾರಿ ಕಾರಿನ ಮೈಯೇ ಆದ್ದರಿಂದ, ದೀಪದ ಭೂತಂತಿಯನ್ನು ಬಿಗಿದ ಸ್ಕ್ರೂ ತುಕ್ಕು ಹಿಡಿದರೆ ಅಲ್ಲಿಯೂ ನಷ್ಟ. ನಮ್ಮ ಜೂನ್–ಸೆಪ್ಟೆಂಬರ್ ಮಳೆಗಾಲ ಈ ತುಕ್ಕಿಗೆ ಹೇಳಿ ಮಾಡಿಸಿದ್ದು. ಅಡಿಕೆ ಚೀಲಗಳಿರುವ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಿಗೆ ಇಲಿಯ ಕಾಟ ಬೇರೆ.

ಇಂಥ ತಂತಿಗೆ 100/90 ವ್ಯಾಟಿನ ಬಲ್ಬು ಹಾಕಿದರೆ ಏನಾಗುತ್ತದೆ? ಮೇಲ್ದೀಪದಲ್ಲಿ ಎರಡೂ ಸೇರಿ 200 ವ್ಯಾಟ್, ಅಂದರೆ 16 ಆಂಪಿಯರಿಗೂ ಮೀರಿ ಎಳೆತ. ಎಳೆತ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಸೋರಿದ ವಿದ್ಯುತ್ತು ಕಾವಾಗಿ ಸ್ವಿಚ್ಚನ್ನೂ ಹೋಲ್ಡರನ್ನೂ ಸುಡುತ್ತದೆ. ನಮ್ಮ ಕಾರಿನ ಎಡದೀಪದ ಹೋಲ್ಡರು ಎರಡೇ ತಿಂಗಳಲ್ಲಿ ಕರಗಿ ಅಂಟಿಕೊಂಡಿತ್ತು. ಮತ್ತೊಂದು ರಾತ್ರಿ ಓಡಿದ್ದರೆ ಬೆಂಕಿಯೇ ಹತ್ತುತ್ತಿತ್ತೋ ಏನೋ. ರಸ್ತೆಯ ಮೇಲೆ ಇಂಥ ಬಲ್ಬಿಗೆ ಕಾನೂನಿನ ಒಪ್ಪಿಗೆಯೂ ಇಲ್ಲ.

ಮಾಡಬೇಕಾದ ಕೆಲಸ, ಕ್ರಮವಾಗಿ

ಆ ಹಿರಿಯರು ಹೇಳಿದ ಕ್ರಮ ನಮಗೆ ಬಹಳ ಸರಿಯೆನಿಸಿತು. ಖರ್ಚಿಲ್ಲದ ಕೆಲಸ ಮೊದಲು, ಖರ್ಚಿನದು ಕೊನೆಗೆ.

1. ಸ್ವಚ್ಛತೆ. ದೀಪದ ಗಾಜನ್ನೂ ಮುಂದಿನ ದೊಡ್ಡ ಗಾಜನ್ನೂ ಒಳಗೂ ಹೊರಗೂ ತೊಳೆಯಬೇಕು. ಎರೆಮಣ್ಣಿನ ಧೂಳು ಸಣ್ಣ ಹಿಟ್ಟಿನಂತೆ ಅಂಟುತ್ತದೆ. ಗಾಜಿನ ಒಳಬದಿಯ ಜಿಡ್ಡು ಎದುರು ದೀಪ ಬಿದ್ದಾಗ ಮಂಜಿನ ಪರದೆಯಾಗುತ್ತದೆ. ದೀಪದ ಒಳಗಿನ ಕನ್ನಡಿಯಂಥ ಬೋಗುಣಿಯನ್ನು ಟಾರ್ಚಿನಿಂದ ನೋಡಿರಿ. ಅದು ಹಳದಿಯಾಗಿದ್ದರೆ, ಬೆಳ್ಳಿ ಎದ್ದಿದ್ದರೆ ಉಜ್ಜಿ ಫಲವಿಲ್ಲ. ಉಜ್ಜಿದರೆ ಇರುವ ಹೊಳಪೂ ಹೋಗುತ್ತದೆ. ಬದಲಿಸುವುದೊಂದೇ ದಾರಿ. ಅಂಬಾಸಡರ್, ಪದ್ಮಿನಿ, ಹಳೆಯ ಜೀಪುಗಳ ದುಂಡು ದೀಪ 7 ಇಂಚಿನ ಅಳತೆಯದಾದ್ದರಿಂದ ಈಗಲೂ ಸುಲಭವಾಗಿ ಸಿಗುತ್ತದೆ.

2. ಭೂಸಂಪರ್ಕ. ಪ್ರತಿ ದೀಪದ ಭೂತಂತಿಯನ್ನು ಬಿಚ್ಚಿ, ತುಕ್ಕು ಕೆರೆದು, ಹೊಳೆಯುವ ಲೋಹಕ್ಕೆ ಬಿಗಿದು, ಮೇಲೆ ಸ್ವಲ್ಪ ಗ್ರೀಸು ಹಚ್ಚಬೇಕು. ಇನ್ನೂ ಉತ್ತಮವೆಂದರೆ ದೀಪದಿಂದ ಬ್ಯಾಟರಿಯ ಭೂತುದಿಗೆ ಬೇರೆಯೇ ತಂತಿ ಎಳೆಯುವುದು. ಒಂದು ದೀಪ ಪ್ರಖರ, ಇನ್ನೊಂದು ಮಂಕು ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

3. ರಿಲೇ. ಇದು ಈ ಸುಧಾರಣೆಯ ಜೀವಾಳ. ರಿಲೇ ಎಂದರೆ ಸಣ್ಣ ವಿದ್ಯುತ್ತಿನ ಆಜ್ಞೆಯಿಂದ ದೊಡ್ಡ ವಿದ್ಯುತ್ತಿನ ಬಾಗಿಲು ತೆಗೆಯುವ ಪೆಟ್ಟಿಗೆ. ತೋಟದ ಪಂಪಿಗೆ ಇರುವ ಸ್ಟಾರ್ಟರಿನ ತಮ್ಮನೆಂದರೂ ಆದೀತು. ಅಲ್ಲಿ ನಾವು ಒತ್ತುವುದು ಚಿಕ್ಕ ಗುಂಡಿ, ಮೋಟಾರಿಗೆ ಹೋಗುವ ಭಾರೀ ವಿದ್ಯುತ್ತು ಬೇರೆ ದಾರಿಯಲ್ಲಿ ಹೋಗುತ್ತದೆಯಲ್ಲ, ಹಾಗೆಯೇ ಇಲ್ಲಿಯೂ. ಹಳೆಯ ಸ್ವಿಚ್ಚು ಇನ್ನು ಆಜ್ಞೆ ಮಾತ್ರ ಕೊಡುತ್ತದೆ; ದೀಪಕ್ಕೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ನೇರವಾಗಿ, ಗಿಡ್ಡ ದಾರಿಯಲ್ಲಿ, ದಪ್ಪ ತಂತಿಯಲ್ಲಿ ಹೋಗುತ್ತದೆ.

ಎರಡು ರಿಲೇ ಬೇಕು, ಮೇಲ್ದೀಪಕ್ಕೆ ಒಂದು, ಕೆಳದೀಪಕ್ಕೆ ಒಂದು. ರಿಲೇಯ ಕಾಲುಗಳ ಮೇಲೆ ಅಂಕೆಗಳಿರುತ್ತವೆ. 30ಕ್ಕೆ ಬ್ಯಾಟರಿಯ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಹಳೆಯ ದೀಪದ ತಂತಿ, 85 ಭೂಸಂಪರ್ಕಕ್ಕೆ. ಬ್ಯಾಟರಿಯಿಂದ ಬರುವ ತಂತಿಗೆ, ಬ್ಯಾಟರಿಯ ಸಮೀಪದಲ್ಲಿಯೇ, 15 ಆಂಪಿಯರಿನ ಫ್ಯೂಸ್ ಇರಲೇಬೇಕು. ಎರಡು ರಿಲೇಗೆ ಎರಡು ಬೇರೆ ಫ್ಯೂಸ್ ಇಟ್ಟರೆ ಒಂದು ಹೋದರೂ ಪೂರ್ತಿ ಕತ್ತಲಾಗುವುದಿಲ್ಲ. ದೀಪದ ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದಾಗಿರಲಿ. ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ತಂತಿ ಕಳಚಿರಿ. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಧನತುದಿಯೇ ಭೂಸಂಪರ್ಕಕ್ಕೆ ಇರುವುದುಂಟು. ಅದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

4. ಬಲ್ಬು. ಇಷ್ಟಾದ ಮೇಲೆ ಬಲ್ಬಿನ ಮಾತು. ಹಳೆಯ 45/40 ವ್ಯಾಟಿನ ಬಲ್ಬಿನ ಬದಲಿಗೆ 60/55 ವ್ಯಾಟಿನ ಎಚ್-4 ಹ್ಯಾಲೊಜನ್ ಬಲ್ಬು ಮತ್ತು ಅದಕ್ಕೆಂದೇ ಮಾಡಿದ ದೀಪ ಸಾಕು. ಎಚ್-4 ಹೊಸದೇನಲ್ಲ, 1971ರಷ್ಟು ಹಿಂದೆಯೇ ಯುರೋಪಿನಲ್ಲಿ ಬಂದದ್ದು. ಅದರ ಒಳಗೆ ಎರಡು ಉರಿತಂತಿಗಳಿದ್ದು, ಕೆಳದೀಪದ ತಂತಿಯ ಅಡಿಯಲ್ಲಿ ಒಂದು ಸಣ್ಣ ಲೋಹದ ಬಟ್ಟಲು ಇರುತ್ತದೆ. ಮೇಲಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹಳೆಯ ಬಲ್ಬಿನ ಬುಡವೂ ಎಚ್-4ರ ಬುಡವೂ ಒಂದೇ ಅಲ್ಲ. ಅರದಿಂದ ಉಜ್ಜಿ ತುರುಕಿಸಿದರೆ ಉರಿತಂತಿ ತನ್ನ ಜಾಗದಲ್ಲಿ ಕೂರುವುದಿಲ್ಲ, ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡಿನಿಂದ ಅದು ಬೇಗ ಒಡೆಯುತ್ತದೆ. ನೀಲಿ ಬಣ್ಣ ಬಳಿದ ಬಲ್ಬು ನೋಡಲು ಬೆಳ್ಳಗೆ ಕಂಡರೂ ಆ ಬಣ್ಣ ಬೆಳಕಿನ ಒಂದು ಪಾಲನ್ನು ನುಂಗುತ್ತದೆ.

ಈ ಕೆಲಸವಾದ ಮೇಲೆ ಮೀಟರು ಹಿಡಿದು ನೋಡಿದಾಗ ಬಲ್ಬಿನಲ್ಲಿ 13.3 ವೋಲ್ಟ್ ಇತ್ತು. ಎಲ್ಲ ಸೇರಿ ತಗುಲಿದ ಖರ್ಚು ಎರಡು ಮೂಟೆ ಹಿಂಡಿಯ ಬೆಲೆಯನ್ನು ಮೀರಲಿಲ್ಲ. ಡೈನಮೋ ಇರುವ ಬಹಳ ಹಳೆಯ ಗಾಡಿಯವರಿಗೆ ಒಂದು ಎಚ್ಚರಿಕೆಯ ಮಾತು: ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋದಿಂದ ಬರುವ ವಿದ್ಯುತ್ತು ತೀರ ಕಡಿಮೆ. ನಿಂತಾಗ ದೀಪ ಕುಗ್ಗುವುದು ಅದರಿಂದ. ಅಂಥವರು ಬ್ಯಾಟರಿ, ಬೆಲ್ಟುಗಳ ಸ್ಥಿತಿಯನ್ನು ಮೊದಲು ನೋಡಿಸುವುದು ಒಳ್ಳೆಯದು.

ಎಲ್‌ಇಡಿ ಹಾಕಬಹುದೇ?

ಇದು ಈಗ ಎಲ್ಲರೂ ಕೇಳುವ ಪ್ರಶ್ನೆ. ಹಳೆಯ ದೀಪದ ಬೋಗುಣಿ ಮತ್ತು ಗಾಜಿನ ಗೆರೆಗಳನ್ನು ಉರಿತಂತಿ ಇಂಥದೇ ಸ್ಥಳದಲ್ಲಿ ಇರುತ್ತದೆ ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹುಟ್ಟುವುದು ಚಪ್ಪಟೆ ಹಲಗೆಯ ಎರಡು ಮುಖಗಳಲ್ಲಿ. ಹಾಗಾಗಿ ಲೆಕ್ಕ ತಪ್ಪಿ, ರಸ್ತೆಗೆ ಬೀಳಬೇಕಾದ ಬೆಳಕು ಎದುರಿನವನ ಕಣ್ಣಿಗೆ ಬೀಳುತ್ತದೆ. ಓಡಿಸುವವನಿಗೆ ಕಾರಿನ ಮುಂದೆ ಹತ್ತು ಮಾರು ಬೆಳ್ಳಗೆ ಹೊಳೆಯುವುದರಿಂದ ಚೆನ್ನಾಗಿದೆ ಎನಿಸುತ್ತದೆ. ಆದರೆ ಸಮೀಪದ ಹೊಳಪಿಗೆ ಕಣ್ಣು ಒಗ್ಗಿಕೊಂಡರೆ ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಎಲ್‌ಇಡಿಗೆಂದೇ ರಚಿಸಿದ, ಎಡಬದಿಯ ಸಂಚಾರಕ್ಕೆ ತಕ್ಕ, ಮಾನ್ಯತೆ ಪಡೆದ ಪೂರ್ಣ ದೀಪದ ಮಾತು ಬೇರೆ. ಹಳೆಯ ಬೋಗುಣಿಗೆ ಎಲ್‌ಇಡಿ ಬಲ್ಬು ತುರುಕುವುದು ಮಾತ್ರ ಬೇಡ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ದಾಖಲಿಸುವ ಕ್ರಮ ಕೈಗೊಂಡದ್ದೂ ಸದಸ್ಯರ ಗಮನದಲ್ಲಿರಲಿ.

ಗೋಡೆಯ ಮೇಲಿನ ಪರೀಕ್ಷೆ

ಈಗ ಚಕ್ಕಡಿಯ ಪ್ರಸಂಗಕ್ಕೆ ಬರೋಣ. ನಾವು ದೀಪ ತಗ್ಗಿಸಿದ್ದರೂ ಆ ಹಿರಿಯರ ಕಣ್ಣು ಕತ್ತಲಾದದ್ದು ಹೇಗೆ? ಅದಕ್ಕೆ ಕಾರಣ ದೊಡ್ಡ ಬಲ್ಬು ಒಂದೇ ಅಲ್ಲ. ಡಿಕ್ಕಿಯಲ್ಲಿದ್ದ ನಾಲ್ಕು ಮೂಟೆ ಹಿಂಡಿಯೂ ಕಾರಣ.

ಸಮತಟ್ಟಾದ ಅಂಗಳದಲ್ಲಿ, ಗೋಡೆಗೆ ಎದುರಾಗಿ, ದೀಪದಿಂದ ಗೋಡೆಗೆ 10 ಮೀಟರ್ ಇರುವಂತೆ ಕಾರು ನಿಲ್ಲಿಸಿರಿ. ಟೈರುಗಳಲ್ಲಿ ಗಾಳಿ ಸರಿಯಾಗಿರಲಿ, ಓಡಿಸುವವರು ಒಳಗೆ ಕುಳಿತಿರಲಿ. ದೀಪದ ನಡುಬಿಂದು ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದಿಂದ ಅಡ್ಡಗೆರೆ ಹಾಕಿರಿ. ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು ಗೆರೆ. ಕೆಳದೀಪ ಹಾಕಿದಾಗ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಬರಬೇಕು. ಎಡಗಡೆಗೆ ಅಂಚು ಸ್ವಲ್ಪ ಮೇಲೇಳುತ್ತದೆ. ಅದು ಎಡಬದಿಯ ಕಾಲುದಾರಿಯಲ್ಲಿ ನಡೆಯುವವರು ಕಾಣಲೆಂದು ಮಾಡಿದ ಏರ್ಪಾಡು. ಬಲಗಡೆಗೆ ಏರಿದರೆ ಆ ದೀಪ ಬಲಬದಿಯ ಸಂಚಾರದ ದೇಶದ್ದು. ನಮ್ಮಲ್ಲಿ ಅದು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ದೀಪದ ಸುತ್ತಿನ ಬಳೆ ತೆಗೆದರೆ ಸಿಗುವ ಎರಡು ಸ್ಕ್ರೂಗಳಿಂದ ಬೆಳಕನ್ನು ಮೇಲೆ ಕೆಳಗೆ, ಎಡ ಬಲಕ್ಕೆ ಹೊಂದಿಸಬಹುದು.

ಈಗ ಡಿಕ್ಕಿಗೆ ಮೂಟೆ ಹೇರಿ ಮತ್ತೆ ನೋಡಿರಿ. ಅಂಬಾಸಡರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಸುಮಾರು ಎರಡೂವರೆ ಮೀಟರ್. ಹಿಂಬದಿ 5 ಸೆಂಟಿಮೀಟರ್ ಕುಸಿದರೆ ಗೋಡೆಯ ಮೇಲೆ ಬೆಳಕು 20 ಸೆಂಟಿಮೀಟರ್ ಮೇಲೇರುತ್ತದೆ. ದೀಪಕ್ಕಿಂತ 10 ಸೆಂಟಿಮೀಟರ್ ಕೆಳಗಿರಬೇಕಾದದ್ದು 10 ಸೆಂಟಿಮೀಟರ್ ಮೇಲೆ ಹೋಯಿತು. 50 ಮೀಟರ್ ದೂರದಲ್ಲಿ ಇದು ಅರ್ಧ ಮೀಟರ್ ಮೇಲೆ, ಅಂದರೆ ಎತ್ತಿನ ಕಣ್ಣಿನ ಮಟ್ಟಕ್ಕೆ! ಅಂದು ನಮ್ಮ ಕೆಳದೀಪವು ಕೆಳದೀಪವಾಗಿ ಉಳಿದಿರಲಿಲ್ಲ.

ನಮ್ಮ ಬೆಳೆಗಾರರು ಹಿಂದಕ್ಕೆ ಭಾರ ಹೇರದೆ ಪೇಟೆಯಿಂದ ಬರುವುದು ಅಪರೂಪ. ಆದ್ದರಿಂದ ಈ ಪರೀಕ್ಷೆಯನ್ನು ಭಾರ ಹೇರಿದ ಕಾರಿನಲ್ಲಿ ಮಾಡುವುದೇ ಸರಿ. ಕುಸಿದ ಹಿಂಬದಿಯ ಪಟ್ಟಾ ಸ್ಪ್ರಿಂಗನ್ನು ರಿಪೇರಿ ಮಾಡಿಸುವುದೂ ದೀಪದ ಕೆಲಸದ ಒಂದು ಭಾಗವೆಂದೇ ತಿಳಿಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇದನ್ನೇ ಬಯಸುತ್ತವೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವನಿಗೆ ಕುಕ್ಕದಂತೆ ಬೆಳಕು ಕೆಳಗಿರಬೇಕೆಂಬುದು ನಿಯಮದ ತಾತ್ಪರ್ಯ.

ಬೆಳಕಿನ ಅಳತೆಗೆ ತಕ್ಕ ವೇಗ

ದೀಪ ಸರಿಯಾಯಿತೆಂದು ವೇಗ ಹೆಚ್ಚಿಸುವಂತಿಲ್ಲ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಬೇಕು. ಆಮೇಲೆ ಹಳೆಯ ಡ್ರಮ್ ಬ್ರೇಕು ಹಿಡಿದು ಗಾಡಿ ನಿಲ್ಲಬೇಕು. ಒಣ ಡಾಂಬರಿನ ಮೇಲೆ ಸಾಧಾರಣ ಬ್ರೇಕಿನ ಲೆಕ್ಕ ಹಾಕಿದರೆ ಗಂಟೆಗೆ 45 ಕಿ.ಮೀ. ವೇಗದಲ್ಲಿ ಒಟ್ಟು ಸುಮಾರು 35 ಮೀಟರ್, 60 ಕಿ.ಮೀ. ವೇಗದಲ್ಲಿ ಸುಮಾರು 53 ಮೀಟರ್, 80 ಕಿ.ಮೀ. ವೇಗದಲ್ಲಿ ಸುಮಾರು 82 ಮೀಟರ್ ಬೇಕಾಗುತ್ತದೆ. ಕೆಳದೀಪದಲ್ಲಿ ಕಪ್ಪು ಕಂಬಳಿ ಹೊದ್ದ ಮನುಷ್ಯನೋ ಬೆಳಕಿಲ್ಲದ ಚಕ್ಕಡಿಯೋ ಕಾಣುವುದು 50 ಮೀಟರಿನ ಆಸುಪಾಸಿನಲ್ಲಿ. ಎದುರಿನಿಂದ ವಾಹನ ಬಂದಾಗ ನಾವೂ ಕೆಳದೀಪದಲ್ಲಿಯೇ ಇರುತ್ತೇವೆ. ಅಂದರೆ ಆಗ 60ಕ್ಕಿಂತ ಮೇಲೆ ಹೋದವನು ಕತ್ತಲಿನೊಳಕ್ಕೇ ಗಾಡಿ ಹೊಡೆದಂತೆ.

ಆ ಸೀಮೆಯ ರಾತ್ರಿ ರಸ್ತೆಯಲ್ಲಿ ಯಾರು ಯಾರು ಇರುತ್ತಾರೆಂಬುದನ್ನೂ ನೆನೆಯಬೇಕು. ಹಟ್ಟಿ ಬದಲಿಸುವ ಕುರಿಗಾರರು, ಹಿಂದೀಪವಿಲ್ಲದ ಕಬ್ಬಿನ ಟ್ರೇಲರುಗಳು, ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಜಾತ್ರೆಗೆ ನಡೆದು ಹೋಗುವ ಜನ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಸ್ಥಾಪಿಸಿ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿಕೊಂಡು ಬಂದ ಸಂಸ್ಥೆ. ಅಲ್ಲಿ ಸಂಗೀತ ಕಲಿಯುವ ಅಂಧ ಮಕ್ಕಳು ಊರಿನಲ್ಲಿ ಓಡಾಡುತ್ತಾರೆ. ಅವರಿಗೆ ನಮ್ಮ ದೀಪ ಕಾಣುವುದಿಲ್ಲ. ನಮಗೆ ಅವರು ಕಾಣಲೇಬೇಕು.

ನಮ್ಮ ಕಣ್ಣಿನ ಮಾತೂ ಉಂಟು. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕಾಗುತ್ತದೆ, ಎದುರು ದೀಪದ ಹೊಡೆತದಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅರವತ್ತು ದಾಟಿದವರು ದೀಪ ಬದಲಿಸುವ ಮುನ್ನ ಒಮ್ಮೆ ಪೊರೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ನಮ್ಮ ನಾಲ್ವರಲ್ಲಿ ಒಬ್ಬರಿಗೆ ಪೊರೆ ಬಂದಿರುವುದು ಗೊತ್ತಾದದ್ದು ಈ ಪ್ರಕರಣದ ತರುವಾಯವೇ.

ಮೂರನೆಯ ಸಲ

ಕಳೆದ ವರ್ಷ ಹೋದಾಗ ಗದಗಿನ ಸಮೀಪದ ಕಣಗಿನಹಾಳಕ್ಕೂ ಹೋಗಿ ಬಂದೆವು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಊರು ಅದು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದರ ರೂವಾರಿ. ಸಹಕಾರ ಸಂಘದ ಸದಸ್ಯರಾದ ನಾವು ಇಷ್ಟು ವರ್ಷ ಆ ಹಾದಿಯಲ್ಲಿ ಓಡಾಡಿಯೂ ಅಲ್ಲಿಗೆ ಹೋಗಿರಲಿಲ್ಲವೆಂಬುದು ನಾಚಿಕೆಯ ಸಂಗತಿ.

ಅಂದು ರಾತ್ರಿ ಲಕ್ಷ್ಮೇಶ್ವರದ ದಾರಿಯಲ್ಲಿ ಹೊಸ ದೀಪದ ಬೆಳಕಿನಲ್ಲಿ, ಗಂಟೆಗೆ 45 ಕಿ.ಮೀ. ಮೀರದೆ ಬಂದೆವು. ರಸ್ತೆಯ ಎಡ ಅಂಚು ಚೆನ್ನಾಗಿ ಕಂಡಿತು. ಎದುರಿಗೆ ಬಂದ ಎರಡು ಚಕ್ಕಡಿಗಳ ಎತ್ತುಗಳು ತಲೆ ತಗ್ಗಿಸಿಕೊಂಡು ನಮ್ಮನ್ನು ದಾಟಿಹೋದವು. ಬೆಳಿಗ್ಗೆ ಆ ಹಿರಿಯರ ಮನೆಗೂ ಹೋಗಿದ್ದೆವು. ಕಾಲು ವಾಸಿಯಾಗಿದೆ. ಅವರ ಚಕ್ಕಡಿಯ ಹಿಂದೆ ಮುಂದೆ ಹೊಳೆಯುವ ಕೆಂಪು, ಬಿಳಿ ಪಟ್ಟಿಗಳನ್ನು ನಮ್ಮ ಕೈಯಾರೆ ಅಂಟಿಸಿ ಬಂದೆವು.

ಇದರಿಂದ ನಮಗೆ ಹೊಳೆದ ಒಂದು ಸಲಹೆಯನ್ನು ಸಂಘದ ಮುಂದಿಡುತ್ತೇವೆ. ಗೊಬ್ಬರಕ್ಕೆ ಬಯಲುಸೀಮೆಗೆ ಹೋಗುವ ಪ್ರತಿ ಸದಸ್ಯರೂ ಇಂಥ ಪಟ್ಟಿಯ ಒಂದು ಸುರುಳಿ ಜೊತೆಗಿಟ್ಟುಕೊಳ್ಳಲಿ. ಗೊಬ್ಬರ ಕೊಡುವವರ ಚಕ್ಕಡಿಗೆ, ಟ್ರೇಲರಿಗೆ ಕೇಳಿ ಅಂಟಿಸಲಿ. ಊರಿನಲ್ಲಿ ನಮ್ಮ ತೋಟದ ಟ್ರೇಲರುಗಳಿಗೂ ಅದೇ ಆಗಲಿ. ಹೊರಡುವ ಮುನ್ನ ಸಂಘದ ಗೋದಾಮಿನ ಗೋಡೆಯ ಮೇಲೆ ಎರಡು ಸುಣ್ಣದ ಗೆರೆ ಎಳೆದು, ಭಾರ ಹೇರಿದ ಕಾರನ್ನು ಅದರ ಎದುರು ಒಮ್ಮೆ ನಿಲ್ಲಿಸಿ ನೋಡುವ ಪದ್ಧತಿ ಬೆಳೆಯಲಿ. ಗೆರೆ ಎಳೆಯುವ ಕೆಲಸವನ್ನು ನಾವೇ ಮಾಡಿಕೊಡಲು ಸಿದ್ಧರಿದ್ದೇವೆ.